ಮೂರೂವರೆ ಸುತ್ತು

ಮೊದಲು ಕಂಡಿದ್ದು ಮಾರಕ್ಕನಿಗೆ, ಬಚ್ಚಲ ಬಲ್ಬಿನ ಬೆಳಕಲ್ಲಿ:
‘ನಿನ್ನ ಕಣ್ಣಿನ ಬಿಳಿ ಎಲ್ಲಿ ಹೋತು?’
ದುರ್ಗದ ಗಾಳಿ, ಧೂಳು ಬಿದ್ದಿರಬೇಕು ಅಂದೆ.
ಆಮೇಲೆ ತುರಿಕೆ.
ಅಂಗೈ, ಅಂಗಾಲು, ಕೈಗೆ ಸಿಗದ ಬೆನ್ನು.
ಬಾಚಣಿಗೆಯಿಂದ ಕೆರೆದೆ, ಬಾಗಿಲ ಚೌಕಟ್ಟಿಗೆ ಉಜ್ಜಿದೆ,
ಕೊನೆಗೆ ವಾಲು ತಿರುಗಿಸುವ ಕಬ್ಬಿಣದ ಕೀಲಿಯಿಂದ.
ಕಾಮಾಲೆ ಎಂದು ಒಬ್ಬ ಮುಂಗೈ ಸುಟ್ಟ.
ಸುಟ್ಟಿದ್ದು ಉಳಿಯಿತು, ಹಳದಿಯೂ ಉಳಿಯಿತು.

ದಾವಣಗೆರೆಯ ಆಸ್ಪತ್ರೆಯಲ್ಲಿ
ಡಾಕ್ಟರ್ ರುಬಿನಾ ಪರದೆಯ ಮೇಲೆ ಪೆನ್ನಿಟ್ಟರು:
‘ಇದು ಪಿತ್ತನಾಳ. ಕವಲೊಡೆಯುವ ಜಾಗದಲ್ಲೇ ಗಂಟು.
ಬಲಗಡೆ ಲಿವರಿನೊಳಕ್ಕೂ ಹೊಕ್ಕಿದೆ.’
ಗಂಟಿನ ಹೆಸರು ಅವರು ಹೇಳಲಿಲ್ಲ, ಮಾರಕ್ಕ ಕೇಳಲಿಲ್ಲ.
ನಾನು ನೋಡುತ್ತಿದ್ದದ್ದು ಬೇರೆ.
ಕರುವಿನಕಟ್ಟೆಯ ಹತ್ತಿರ ದೊಡ್ಡ ಪೈಪು ಎರಡಾಗುವ ಗುಂಡಿ,
ಅದೇ ತಿರುವು, ಅದೇ ಕೆಸರು.

ಇಪ್ಪತ್ತೇಳು ವರ್ಷ ನಗರಸಭೆಯ ವಾಲ್‌ಮ್ಯಾನ್ ನಾನು, ಪಾಲಯ್ಯ.
ಯಾವ ಬೀದಿಗೆ ಎಷ್ಟು ಸುತ್ತು ಎಂಬುದು
ಯಾವ ಪುಸ್ತಕದಲ್ಲೂ ಇಲ್ಲ,
ಈ ಮಣಿಕಟ್ಟಿನಲ್ಲಿದೆ.

ಪಕ್ಕೆಗೆ ತೂತು, ತೂತಿಗೆ ನಳಿಕೆ, ನಳಿಕೆಗೆ ಚೀಲ.
ಪಿತ್ತ ಇಳಿದು ಬಂತು, ಹೊಂಗೆ ಎಣ್ಣೆಯ ಬಣ್ಣ.
‘ಚೆಲ್ಲಬೇಡಿ, ಕುಡಿಸಿ. ಒಳಗಿನದು ಒಳಗೇ ಹೋಗಬೇಕು.’
ಮಾರಕ್ಕ ಮಜ್ಜಿಗೆಗೆ ಬೆರೆಸಿ, ಇಂಗು ಉದುರಿಸಿ,
ಮುಖ ತಿರುಗಿಸಿಕೊಂಡು ಕೊಟ್ಟಳು.
ಬೇವು ಇದರ ಮುಂದೆ ಬೆಲ್ಲ.
ಮೂವತ್ತು ವರ್ಷ ಅವಳ ಮೇಲೆ ಕಾರಿದ್ದನ್ನೆಲ್ಲ
ಲೋಟದಲ್ಲಿ ಅಳೆದು ವಾಪಸು ಕೊಟ್ಟ ಹಾಗಿತ್ತು.
‘ಕುಡಿ’ ಅಂದಳು.
ಕುಡಿದೆ.

‘ಬಲಭಾಗ ಪೂರ್ತಿ ತೆಗೀಬೇಕು.
ಎಡದ್ದು ಚಿಕ್ಕದು, ಈಗಲೇ ಕೊಯ್ದರೆ ತಾಳೋದಿಲ್ಲ.
ಅದಕ್ಕೆ ಮೊದಲು ಬಲಕ್ಕೆ ಹೋಗುವ ರಕ್ತನಾಳ ಬಂದ್ ಮಾಡ್ತೀವಿ.
ಎಲ್ಲ ಎಡಕ್ಕೆ ಹರಿದು, ನಾಲ್ಕು ವಾರದಲ್ಲಿ ಅದು ಬೆಳೆಯುತ್ತೆ.’
‘ಎಷ್ಟು ಸುತ್ತು?’ ಅಂದೆ.
ಅವರಿಗೆ ತಿಳಿಯಲಿಲ್ಲ.

ಆ ನಾಲ್ಕು ವಾರ ನಿದ್ದೆಯಿಲ್ಲ.
ಒಂದು ಬೇಸಿಗೆ, ಮೇಲಿನವರು ಹೇಳಿದರೆಂದು
ಚೋಳಗುಡ್ಡದ ವಾಲು ಮೂರೂವರೆ ಸುತ್ತು ಬಿಗಿದು
ಲಾಡ್ಜುಗಳ ಕಡೆಗೆ ನೀರು ಬಿಟ್ಟಿದ್ದೆ.
ಕೊಡಗಳ ಸಾಲಿನಲ್ಲಿ ಒಬ್ಬ ಹುಡುಗಿ
ನಲ್ಲಿಗೆ ಕಿವಿಯಿಟ್ಟು ಕೂತಿದ್ದಳು:
‘ಗಾಳಿ ಬರ್ತೈತೆ ಕಣವ್ವ, ಇನ್ನೇನು ನೀರು ಬರ್ತೈತೆ.’
ನಾನು ಸೈಕಲ್ ಹತ್ತಿದೆ.
ಈಗ ನನ್ನ ಬಲಪಕ್ಕೆ ಹಾಗೇ ಕಿವಿಯಿಟ್ಟು ಕೂತಿದೆ.
ಅದಕ್ಕೆ ಯಾರೂ ಹೇಳಿಲ್ಲ.

ಹನ್ನೊಂದು ತಾಸು ಕೊಯ್ದರಂತೆ.
ನಾಳ ಕತ್ತರಿಸಿ, ಕರುಳಿನ ಒಂದು ಕುಣಿಕೆ ಮೇಲೆತ್ತಿ
ಎಡಗಡೆಯ ಸಣ್ಣ ಬಾಯಿಗೆ ಹೊಲಿದರಂತೆ,
ಕೂದಲಿನಂಥ ದಾರದಲ್ಲಿ.
‘ಜಾಯಿಂಟ್ ಲೀಕಾದರೆ?’
‘ನಮಗೂ ಅದೇ ಭಯ, ಪಾಲಯ್ಯ.’
ಆವತ್ತು ಆಕೆ ಡಾಕ್ಟರಲ್ಲ,
ನನ್ನ ಪಕ್ಕ ಗುಂಡಿಯಲ್ಲಿ ಇಳಿದು ನಿಂತವಳು.

ದಿನಾ ಬೆಳಿಗ್ಗೆ ನರ್ಸು: ‘ಗಾಳಿ ಹೋಯ್ತಾ?’
ಇಲ್ಲ.
‘ಗಾಳಿ ಹೋಯ್ತಾ?’
ಇಲ್ಲ.
ಐದನೆಯ ದಿನ, ಹಾಲಿನವನೂ ಏಳದ ಹೊತ್ತಲ್ಲಿ,
ಹೊಟ್ಟೆಯೊಳಗೆ ಎಲ್ಲೋ ಖಾಲಿ ಪೈಪು ಗೊರಗುಟ್ಟಿ,
ಮಾನ ಬಿಟ್ಟು, ವಾರ್ಡಿಗೆಲ್ಲ ಕೇಳುವ ಹಾಗೆ ಹೋಯಿತು.
ಮಾರಕ್ಕ ಸೆರಗು ಬಾಯಿಗಿಟ್ಟು ನಕ್ಕಳು, ಅತ್ತಳು, ಮತ್ತೆ ನಕ್ಕಳು.
ನನಗೆ ಮಾತ್ರ ಆ ಹುಡುಗಿಯ ದನಿ.

ರಿಪೋರ್ಟು ತಡವಾಗಿ ಬಂತು.
ಕೊಯ್ದ ಅಂಚು ಒಂದು ಕಡೆ ಚೊಕ್ಕ.
ಇನ್ನೊಂದು ಕಡೆ, ಗಂಟಿಗೂ ಅಂಚಿಗೂ ನಡುವೆ ಒಂದೇ ಮಿಲಿಮೀಟರು.
ಆರು ತಿಂಗಳು ಮಾತ್ರೆ, ಆಮೇಲೆ ನೋಡೋಣ.
ಒಂದು ಮಿಲಿಮೀಟರು ಅಂದರೆ ಕೀಲಿಯಲ್ಲಿ ಕಾಲು ಸುತ್ತೂ ಅಲ್ಲ.
ಅಷ್ಟು ಸಡಿಲವಿದ್ದರೂ
ರಾತ್ರಿಯೆಲ್ಲ ತೊಟ್ಟಿಕ್ಕುವುದನ್ನು ನಾನು ಬಲ್ಲೆ.

ಬೆಳಿಗ್ಗೆ ಮಾರಕ್ಕ ನನ್ನನ್ನು ಬಿಸಿಲಿಗೆ ಕರೆತಂದು
ರೆಪ್ಪೆ ಎಳೆದು ನೋಡುತ್ತಾಳೆ.
‘ಬೆಳ್ಳಗೈತೆ’ ಅನ್ನುತ್ತಾಳೆ, ‘ಇವತ್ತಿಗೆ.’